ಬಯಕೆಗೆ ಇಲ್ಲವೆಂದ ಪ್ರೇಮಕ್ಕ

ನಮ್ಮ ಮಲೆನಾಡಿನ ನಾರ್ವೆ ಊರಿಂದ ಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ, ಕಾಫಿ ಎಸ್ಟೇಟಿನ ಗೇಟಿನ ಎದುರಿಗೇ ಪ್ರೇಮಕ್ಕನ ಹೋಟೆಲ್ಲು. ಹೋಟೆಲ್ಲು ಎಂದರೆ ನಾಲ್ಕು ಕಂಬ, ಮೇಲೆ ಶೀಟು, ಎರಡು ಬೆಂಚು, ಒಂದು ಒಲೆ. ಬೋರ್ಡು ಇಲ್ಲ. ಗಂಡ ಧರ್ಮಪ್ಪ ಹಿಟ್ಟು ಕಲಸುತ್ತಾನೆ, ಅವಳು ಬೋಂಡಾ ಬಿಡುತ್ತಾಳೆ. ಮಾತೆಲ್ಲ ಅವಳದು. ಧರ್ಮಪ್ಪ ಏನಾದರೂ ಹೇಳುವುದಿದ್ದರೆ ಸೌಟಿನಿಂದ ಬಾಣಲೆಗೆ ಒಂದು ಪೆಟ್ಟು ಹಾಕುತ್ತಾನೆ, ಅದರಲ್ಲೇ ಅವಳಿಗೆ ಗೊತ್ತಾಗುತ್ತದೆ.

ನನ್ನ ಮನೆ ಅದರ ಹಿಂದುಗಡೆ. ನಮ್ಮ ಯಜಮಾನರು ಹೋದ ಮೇಲೆ ಸಂಜೆ ಹೊತ್ತು ಅಲ್ಲಿ ಹೋಗಿ ಕೂರುವುದು ನನಗೆ ಅಭ್ಯಾಸವಾಯಿತು. ಇಲ್ಲಿ ಹೇಳುತ್ತಿರುವುದರಲ್ಲಿ ಹೆಚ್ಚಿನದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಾಣದೇ ಇದ್ದದ್ದನ್ನು ಕಂಡವರ ಹತ್ತಿರ ಕೇಳಿಕೊಂಡಿದ್ದೇನೆ.

ಪ್ರೇಮಕ್ಕನಿಗೆ ಧರ್ಮೇಶ್ ಒಬ್ಬನೇ ಮಗ, ಲಾರಿಗೆ ಲೋಡು ಮಾಡಲು ಹೋಗುತ್ತಿದ್ದ. ಸೊಸೆ ನಯನ ಬಾಳಗಡಿಯ ಹುಡುಗಿ, ಎಸ್ಟೇಟಿನಲ್ಲಿ ಕಳೆ ತೆಗೆಯುವ ಕೆಲಸ. ಗಟ್ಟಿ ಹುಡುಗಿ, ಬಾಯೂ ಗಟ್ಟಿ. ಅತ್ತೆ ಸೊಸೆ ಇಬ್ಬರೂ ಮಾತಿಗೆ ನಿಂತರೆ ಬೆಂಚಿನ ಮೇಲಿದ್ದವರ ಚಹಾ ಆರುತ್ತಿತ್ತು. ಆದರೆ ಆ ಹುಡುಗಿಗೆ ಎರಡು ಹೆರಿಗೆಯಾಗಿ ಎರಡು ಕೂಸೂ ಉಳಿದಿರಲಿಲ್ಲ. ಮೊದಲನೆಯದು ಗಂಡು. ಅಂಗೈಯಲ್ಲಿ ಹಿಡಿಯುವಷ್ಟು ಇತ್ತು, ಹೆಸರಿಡುವ ಮೊದಲೇ ಹೋಯಿತು. ಎರಡನೆಯದು ಹೆಣ್ಣು, ಮೂರನೇ ತಿಂಗಳು ನಡೆಯುವಾಗ ಹೋಯಿತು. ನಾನು ಹೇಳುತ್ತಿರುವ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ನಯನ ಮೂರನೇ ಸಲ ಬಸುರಿಯಾದಳು. ಆ ಮನೆಯಲ್ಲಿ ಯಾರೂ ಸಂತೋಷವನ್ನು ಬಾಯಿಬಿಟ್ಟು ಹೇಳಲಿಲ್ಲ.

ಆಗೆಲ್ಲ ಸಾರಾಯಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತಿತ್ತು. ಅದಕ್ಕೆ ನಮ್ಮ ಕಡೆ ಕೊಟ್ಟೆ ಎನ್ನುತ್ತಿದ್ದರು. ಸಂಜೆ ಕೆಲಸ ಬಿಡುವಾಗ ಎಸ್ಟೇಟಿನ ಮೇಸ್ತ್ರಿ ಪುಟ್ಟಯ್ಯ ಚಳಿಗೆಂದು ಆಳಿಗೊಂದು ಕೊಟ್ಟೆ ಹಂಚುತ್ತಿದ್ದ. ಗಂಡಾಳು ಹೆಣ್ಣಾಳು ಎಂದು ಭೇದವಿರಲಿಲ್ಲ. ಅದನ್ನು ಹಿಡಿದುಕೊಂಡು ಎಲ್ಲರೂ ಪ್ರೇಮಕ್ಕನ ಬೆಂಚಿಗೆ ಬರುತ್ತಿದ್ದರು, ಬೋಂಡಾ ತಿನ್ನುತ್ತಿದ್ದರು. ಹೆಂಗಸರಲ್ಲಿ ಕೆಲವರು ತಮ್ಮದನ್ನು ಗಂಡನಿಗೆ ಕೊಡುತ್ತಿದ್ದರು, ಕೆಲವರು ಸೆರಗಿನ ಮರೆಯಲ್ಲಿ ತಾವೇ ಕುಡಿಯುತ್ತಿದ್ದರು. ಬಸುರಿಯರು ಮಾತ್ರ ಮರೆ ಮಾಡುತ್ತಿರಲಿಲ್ಲ. ಬಸುರಿಯ ಬಾಯಲ್ಲಿ ಅದು ಸಾರಾಯಿಯಲ್ಲ, ಬಯಕೆ.

ಬಯಕೆ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಹುಳಿ ಕೇಳಲಿ, ಸಿಹಿ ಕೇಳಲಿ, ಬೂದಿ ಕೇಳಲಿ, ಬಸುರಿ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ತಾಯಂದಿರ ಕಾಲದಿಂದ ನಂಬಿದ್ದೇವೆ. ನಯನ ಹಿಂದಿನ ಎರಡು ಸಲ ಬಸುರಿಯಾದಾಗಲೂ ವಾಂತಿ ಮಾಡಿ ಮಾಡಿ ಸುಸ್ತಾಗಿ, ಸಂಜೆ ಒಂದು ಕೊಟ್ಟೆ ಕುಡಿದರೇ ಮೈ ಹಗುರಾಗುವುದು ಎನ್ನುತ್ತಿದ್ದಳು. ಮೇಸ್ತ್ರಿ ಕೊಟ್ಟದ್ದು ಸಾಲದಿದ್ದರೆ ಪ್ರೇಮಕ್ಕನೇ ಇನ್ನೊಂದನ್ನು ತರಿಸಿ ಕೊಡುತ್ತಿದ್ದಳು. ಸೊಸೆಗೆ ಏನೂ ಕಡಿಮೆ ಮಾಡಲಿಲ್ಲ ಎಂಬ ಸಮಾಧಾನ ಅವಳಿಗೆ. ಕುಡಿದ ಮೇಲೆ ನಯನ ಊಟ ಮಾಡದೆ ಮಲಗುವುದನ್ನು ಎಲ್ಲರೂ ನೋಡುತ್ತಿದ್ದೆವು. ಬಸುರಿಯ ಸುಸ್ತು ಎಂದುಕೊಳ್ಳುತ್ತಿದ್ದೆವು.

ಅವಳು ಮೂರನೇ ಸಲ ಬಸುರಿಯಾದ ವರ್ಷ ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳಲ್ಲೂ ಊರಲ್ಲೂ ಇನ್ನೂ ಕೆಲವು ಹಸುಗೂಸುಗಳು ಹೋಗಿದ್ದವು. ಒಂದು ಮಂಗಳವಾರ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಗೋದಾವರಿ ಸಿಸ್ಟರ್ ಬಂದರು. ಊರೂರು ತಿರುಗಿ ಬಸುರಿಯರನ್ನು ನೋಡುವ ಸರ್ಕಾರಿ ನರ್ಸು ಅವರು, ಶೃಂಗೇರಿ ಕಡೆಯವರು. ಅಂಗನವಾಡಿಯ ಚಾಪೆಯ ಮೇಲೆ ಕುಳಿತು ನೇರವಾಗಿಯೇ ಕೇಳಿದರು.

"ಬಸುರಿ ಇದ್ದಾಗ ಯಾರಾದ್ರೂ ಕುಡೀತೀರಾ? ನಾಚ್ಕೆ ಬೇಡ, ಹೇಳಿ."

"ಅಯ್ಯ, ನಾವೆಂತಕ್ಕೆ ಕುಡಿಯೋದು ಸಿಸ್ಟರೇ? ಅದೆಲ್ಲ ಗಂಡಸರ ಖಾತೆ," ಎಂದು ಎಲ್ಲರೂ ನಕ್ಕರು. ಅವರು ಸುಳ್ಳು ಹೇಳಲಿಲ್ಲ. ಅವರ ಮನಸ್ಸಿನಲ್ಲಿ ಕುಡಿಯುವುದೆಂದರೆ ರಸ್ತೆಯಲ್ಲಿ ಬೀಳುವುದು, ಹೆಂಡತಿಗೆ ಹೊಡೆಯುವುದು.

ಸಿಸ್ಟರ್ ಬೇರೆ ವಿಷಯಕ್ಕೆ ಹೋಗುವುದರಲ್ಲಿದ್ದರು. ಆಗ ಹಿಂದೆ ಬಾಗಿಲ ಹತ್ತಿರ ಕುಳಿತಿದ್ದ ಪ್ರೇಮಕ್ಕ ಕೇಳಿದಳು, "ಸಿಸ್ಟರೇ, ಬಯಕೆಗೆ ತಗೊಂಡ್ರೆ ಅದೂ ಕುಡಿದ ಹಾಗೇಯಾ?"

"ಬಯಕೆಗೆ ಎಂತದು?"

"ಕೊಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ಸಿಸ್ಟರ್ ನಗಲಿಲ್ಲ. ಅವರು ಮೊದಲು ಕೇಳಿದ್ದನ್ನೇ ಬೇರೆ ಮಾತಿನಲ್ಲಿ ಕೇಳಿದರು, "ಬಯಕೆ ಅಂತ ಯಾರೆಲ್ಲ ತಗೊಂಡಿದ್ದೀರಿ?" ಒಂದು ಕೈ ಮೇಲೆ ಬಂತು. ಆಮೇಲೆ ಅದರ ಪಕ್ಕದ್ದು. ಹಾಗೇ ಚಾಪೆಯ ಆ ಕೊನೆಯವರೆಗೂ ಕೈಗಳು ಎದ್ದವು.

"ನಮ್ಮ ಮನೇಲೂ ಬಯಕೆ ಅಂದ್ರೆ ಯಾರೂ ಇಲ್ಲ ಅನ್ನಲ್ಲ. ನಂಗೆ ಇದು ಹೊಳೀಲೇ ಇಲ್ಲ ನೋಡಿ," ಎಂದರು ಸಿಸ್ಟರ್.

ಪ್ರೇಮಕ್ಕ ಎದ್ದು ನಿಂತಳು. "ಹಾಗಾದ್ರೆ ನಮ್ಮ ನಯನನ ಎರಡು ಕೂಸೂ ಅದಕ್ಕೇ ಹೋಗಿದ್ದಾ?"

"ಅದಕ್ಕೇ ಅಂತ ನಾನು ಆಣೆ ಮಾಡಿ ಹೇಳಕ್ಕಾಗಲ್ಲ ಪ್ರೇಮಕ್ಕ. ಅವಳಿಗೆ ರಕ್ತ ಕಡಿಮೆ ಇತ್ತು, ಊಟ ಸರಿ ಇರ್ಲಿಲ್ಲ, ಮೈ ಮುರಿಯೋ ಕೆಲಸ ಬೇರೆ. ಆದ್ರೆ ತಾಯಿ ಕುಡಿದಿದ್ದು ಹೊಟ್ಟೇಲಿರೋ ಕೂಸಿಗೂ ಹೋಗ್ತದೆ. ಅದಕ್ಕೆ ತೂಕ ಕಟ್ಟಲ್ಲ, ತ್ರಾಣ ಬರಲ್ಲ. ಅದು ಖಂಡಿತ."

ಪ್ರೇಮಕ್ಕ ಕುಳಿತಳು. ಸಭೆ ಮುಗಿದದ್ದೇ ಎಲ್ಲರಿಗಿಂತ ಮೊದಲು ಎದ್ದು ಹೋಟೆಲ್ಲಿನ ಕಡೆ ನಡೆದಳು.

ಅದೇ ಸಂಜೆ ನಯನ ಕೊಟ್ಟೆ ಹಿಡಿದು ಬೆಂಚಿಗೆ ಬಂದಳು. ಆಗ ಅವಳಿಗೆ ನಾಲ್ಕು ತಿಂಗಳು. ಪ್ರೇಮಕ್ಕ ಹೋಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಎಂತ ಅತ್ತೆ ಇದು?"

"ಇನ್ನು ಇದು ಬೇಡ."

"ಬಯಕೆಗೆ ಇಲ್ಲ ಅಂತೀರಾ? ನಾಳೆ ನಿಮ್ಮ ಮೊಮ್ಮಗೀಗೆ ಕಿವಿ ಸೋರಿದ್ರೆ ನನ್ನ ಕೇಳ್ಬೇಡಿ ಮತ್ತೆ."

"ಸೋರ್ಲಿ ಕಣೇ. ಸೋರಕ್ಕಾದ್ರೂ ಕಿವಿ ಇರೋ ಕೂಸು ಮನೇಲಿ ಇರ್ಲಿ."

ಬೆಂಚಿನವರು ಬೋಂಡಾ ಬಾಯಲ್ಲಿಟ್ಟುಕೊಂಡೇ ಕುಳಿತರು. ನಯನ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಹೋದಳು. ಧರ್ಮಪ್ಪ ಬಾಣಲೆಗೆ ಪೆಟ್ಟು ಹಾಕಲಿಲ್ಲ.

ಇಲ್ಲ ಎನ್ನುವುದು ಸುಲಭ, ಇಲ್ಲ ಎಂದ ಮೇಲೆ ಏನು ಕೊಡುವುದು ಎಂಬುದೇ ಕಷ್ಟ. ಪ್ರೇಮಕ್ಕ ಮೊದಲು ಅಮೃತಬಳ್ಳಿ ಕಷಾಯ ಮಾಡಿ ಕೊಟ್ಟಳು. ನಯನ ಒಂದು ಗುಟುಕು ಕುಡಿದು ಉಳಿದದ್ದನ್ನು ಕೋಳಿಗಳ ಕಡೆ ಚೆಲ್ಲಿದಳು. "ಕೋಳೀನೂ ಮೂಸಲ್ಲ ನೋಡಿ ಅತ್ತೆ," ಎಂದಳು. ಮರುದಿನ ಹಾಲು. ಹಾಲಿನ ವಾಸನೆಗೇ ವಾಂತಿಯಾಯಿತು. ಆಮೇಲೆ ಪ್ರೇಮಕ್ಕ ಅಡುಗೆಯನ್ನು ಬಿಟ್ಟು ಸೊಸೆಯನ್ನು ನೋಡಲು ಶುರು ಮಾಡಿದಳು. ನನ್ನ ಹತ್ತಿರ ಬಂದು ಹೇಳಿದಳು, "ದೊಡ್ಡಮ್ಮ, ನೋಡ್ತಾ ಇದೀನಿ. ಜಿಮುರು ಮಳೇಲಿ ನೆಂದು ಕೈ ಮರಗಟ್ಟಿ ಬರ್ತಾಳೆ. ಗಂಟಲಿಗೆ ಸುಡೋದು ಬೇಕು ಅವಳಿಗೆ. ಆಮೇಲೆ ನಾಲ್ಕು ಜನರ ಜೊತೆ ಕೂತು ನಗಾಡ್ಬೇಕು. ಒಬ್ಳೇ ಮನೇಲಿ ಕೂರಿಸಿ ಕಷಾಯ ಕುಡಿಸಿದ್ರೆ ಯಾವಳು ಕುಡೀತಾಳೆ?"

ಹಾಗೆ ಬಂದದ್ದು ವಾಟೆಹುಳಿ ಸಾರು. ವಾಟೆಕಾಯಿಯನ್ನು ಹೆಚ್ಚಿ ಒಣಗಿಸಿ ಇಡುತ್ತೇವಲ್ಲ, ಆ ಹುಳಿ ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ಕುದಿಸಿ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಬೆಲ್ಲ, ಮೂಗಿಗೆ ಹತ್ತುವಷ್ಟು ಕಾಳುಮೆಣಸು ಹಾಕಿದಳು. ಉಷ್ಣವಾಗುತ್ತದೆ ಎಂದು ನಾನು ಅಡ್ಡ ಹೇಳಿದೆ. ಅವಳು ಸಿಸ್ಟರನ್ನು ಕೇಳಿಕೊಂಡು ಬಂದು ಮೆಣಸನ್ನು ಸ್ವಲ್ಪ ಕಡಿಮೆ ಮಾಡಿದಳು, ಬೆಂಚನ್ನು ಒಲೆಯ ಹತ್ತಿರಕ್ಕೆ ಎಳೆದಳು. ಸಂಜೆ ಸ್ಟೀಲು ಲೋಟದಲ್ಲಿ ಸುಡುಸುಡು ಸಾರು ಕೊಟ್ಟಾಗ ನಯನ ಮುಖ ಸಿಂಡರಿಸಿಕೊಂಡೇ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು, "ಉಪ್ಪು ಕಡಿಮೆ," ಎಂದಳು.

ಪ್ರೇಮಕ್ಕ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಸೊಸೆ ಉಪ್ಪು ಕೇಳಿದಳೆಂದರೆ ಇನ್ನೊಮ್ಮೆ ಕುಡಿಯುತ್ತಾಳೆ ಎಂದು ಅರ್ಥ.

ಮುಂದಿನ ಮಂಗಳವಾರ ಸಂಘದಲ್ಲಿ ಅವಳು ಇದನ್ನೇ ಹೇಳಿದಳು. ಬಸುರಿ ನಯನ ಒಬ್ಬಳೇ ಅಲ್ಲ, ಲೈನಿನಲ್ಲಿ ಇನ್ನೂ ಇದ್ದರು. "ದಿನಕ್ಕೊಂದು ಮನೆಯವ್ರು ಸಂಜೆ ಬಸುರೀರಿಗೆ ಏನಾದ್ರೂ ತನ್ನಿ. ಹುಳಿ, ಖಾರ, ಅವ್ರು ಕೇಳಿದ್ದು. ನಾವು ಬಯಕೆಗೆ ಇಲ್ಲ ಅನ್ನೋದು ಬೇಡ. ಬಯಕೆ ಬದಲು ಮಾಡಾಣ," ಎಂದಳು. ಮಾತಿಗೆ ಯಾರೂ ಎದುರಾಡಲಿಲ್ಲ. ಒಬ್ಬರು ಅಮಟೆಕಾಯಿ ಗೊಜ್ಜು ತಂದರು, ಒಬ್ಬರು ಬಿಸಿ ಕಡುಬು ತಂದರು. ನಾನು ನಮ್ಮ ಮನೆಯ ಮಾವಿನಮಿಡಿಯ ಭರಣಿಯನ್ನು ತೆಗೆದೆ. ಬಸುರಿಯರು ಒಲೆಯ ಹತ್ತಿರದ ಬೆಂಚು, ಉಳಿದವರು ಆಚೆಯ ಬೆಂಚು ಎಂದಾಯಿತು. ಈ ಬೆಂಚಿನ ನಗು ಕೇಳಿ ಆ ಬೆಂಚಿನವರು ಕತ್ತು ತಿರುಗಿಸುತ್ತಿದ್ದರು.

ಆದರೆ ಕೊಟ್ಟೆ ಹಂಚುವುದು ನಿಂತಿರಲಿಲ್ಲ. ಕೈಗೆ ಬಂದದ್ದನ್ನು ಕುಡಿಯದೆ ಇರುವುದು ಎಲ್ಲರಿಗೂ ಆಗುವ ಮಾತಲ್ಲ. ನಾವು ಕೆಲವರು ಹೋಗಿ ಪುಟ್ಟಯ್ಯನನ್ನು ಹಿಡಿದೆವು.

"ಅಲ್ಲ ಮಾರಾಯ್ತಿ," ಎಂದ ಪುಟ್ಟಯ್ಯ ತಲೆ ಕೆರೆದುಕೊಳ್ಳುತ್ತ, "ಕೊಟ್ರೆ ನಾನು ಪಾಪಿ, ಒಬ್ರನ್ನ ಬಿಟ್ಟು ಒಬ್ರಿಗೆ ಕೊಟ್ರೆ ಜಗಳ. ನಾನೆಂತ ಮಾಡ್ಲಿ?"

"ಕೊಡೋದು ಬೇಡ, ಬಿಡೋದೂ ಬೇಡ," ಎಂದಳು ಪ್ರೇಮಕ್ಕ. "ಬಸುರೀರನ್ನ ಅರ್ಧ ಗಂಟೆ ಮುಂಚೆ ಮನೆಗೆ ಕಳ್ಸು. ನೀನು ಚೀಲ ಬಿಚ್ಚೋ ಹೊತ್ತಿಗೆ ಅವ್ರು ಅಲ್ಲಿ ಇರ್ಬಾರ್ದು, ಅಷ್ಟೆ."

ಅವನು ಎಸ್ಟೇಟಿನ ಸಾಹುಕಾರರನ್ನು ಕೇಳಿ ಹೇಳುತ್ತೇನೆಂದ. ಒಂದು ವಾರ ಸುದ್ದಿಯಿಲ್ಲ. ಆಮೇಲೆ ಒಪ್ಪಿಗೆ ಬಂತು. ಮೊದಲ ದಿನ ಬಸುರಿಯರು ಮುಂಚೆ ಹೊರಟಾಗ ಬಯಲುಸೀಮೆಯಿಂದ ಬಂದು ಇಲ್ಲೇ ನಿಂತಿದ್ದ ಮುದುಕಿ ವೀರಬಸಮ್ಮ ಕುಡುಗೋಲು ಕೆಳಗಿಟ್ಟು, "ನನಗೂ ಮೂರು ತಿಂಗಳ ಐತಿ ಪುಟ್ಟಯ್ಯ, ನನ್ನೂ ಬಿಡಪಾ," ಎಂದಳಂತೆ. ಪುಟ್ಟಯ್ಯ ಛತ್ರಿ ಬಿಡಿಸಿ ಮುಖ ಮುಚ್ಚಿಕೊಂಡನಂತೆ.

ಎಲ್ಲ ಸಲೀಸಾಗಿ ನಡೆಯಿತೆಂದು ಬರೆದರೆ ತಪ್ಪಾಗುತ್ತದೆ. ಆರನೇ ತಿಂಗಳಲ್ಲಿ ಒಂದು ಸಂಜೆ ನಯನ ತಡವಾಗಿ ಬಂದಳು, ಬೆಂಚಿನ ತುದಿಯಲ್ಲಿ ಕುಳಿತಳು. ವಾಸನೆ ನನಗೇ ಬಂತು. ಪ್ರೇಮಕ್ಕ ಬೈಯುತ್ತಾಳೆಂದು ಕಾದೆ. ಅವಳು ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತಳು.

"ಯಾರು ಕೊಟ್ರು?"

"ಯಾರಾದ್ರೆ ಎಂತ? ನಾನೇ ಕೇಳಿ ಇಸ್ಕಂಡೆ." ನಯನ ಮುಖ ತಿರುಗಿಸಿಕೊಂಡು ಹೇಳಿದಳು, "ಮೊದಲಿನ ಎರಡಕ್ಕೂ ನೀವೇ ತರಿಸಿ ಕೊಟ್ಟಿದ್ರಲ್ಲ ಅತ್ತೆ. ಆಗ ಯಾರೂ ಎಂತದೂ ಹೇಳ್ಲಿಲ್ಲ."

"ಹೌದು," ಎಂದಳು ಪ್ರೇಮಕ್ಕ. "ನಾನೇ ತರಿಸಿ ಕೊಟ್ಟಿದ್ದು. ಒಳ್ಳೇದು ಅಂತ್ಲೇ ಕೊಟ್ಟಿದ್ದು. ಅದಕ್ಕೇ ಈ ಸಲ ಇಲ್ಲ ಅನ್ನೋದೂ ನಾನೇ ಆಗ್ಬೇಕು. ಬೇರೆಯವ್ರು ಅಂದ್ರೆ ನಿಂಗೆ ಸಿಟ್ಟು ಬರ್ತದೆ. ನನ್ ಮೇಲೆ ಸಿಟ್ಟು ಬಂದ್ರೆ ಹೇಗೂ ದಿನಾ ಬರೋದೇ ಅಲ್ಲಾ?"

ನಯನ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ಸೆರಗು ಮುಖದ ಮೇಲಿತ್ತು. ಆ ದಿನ ಪ್ರೇಮಕ್ಕ ಅವಳಿಗೆ ಅಲ್ಲೇ ಅನ್ನ ಕಲಸಿ ಕೊಟ್ಟು, ತಟ್ಟೆ ಖಾಲಿಯಾಗುವವರೆಗೂ ಎದ್ದು ಹೋಗಲಿಲ್ಲ.

ಏಳನೇ ತಿಂಗಳಲ್ಲಿ ಬಯಕೆ ಊಟ. ತವರಿನವರು ಹೂವು, ಬಳೆ, ಬಸುರಿಗೆ ಇಷ್ಟವಾದ ತಿಂಡಿ ತಂದು ಮಡಿಲು ತುಂಬುವ ಶಾಸ್ತ್ರ. ನಯನಳ ತಾಯಿ ವನಜಮ್ಮ ಬಾಳಗಡಿಯಿಂದ ಬುಟ್ಟಿ ಹೊತ್ತು ಬಂದರು. ಚಕ್ಕುಲಿ, ಕೋಡುಬಳೆ, ರವೆ ಉಂಡೆ ಎಲ್ಲ ಸಾಲಾಗಿ ಇಟ್ಟರು. ಕೊನೆಗೆ ಬುಟ್ಟಿಯ ತಳದಿಂದ ಬಾಳೆಲೆಯಲ್ಲಿ ಸುತ್ತಿದ ಎರಡು ಕೊಟ್ಟೆ ತೆಗೆದು ಮಗಳ ಎಲೆಯ ಪಕ್ಕದಲ್ಲಿಟ್ಟರು. ಆ ತಾಯಿಗೆ ಸಂಘದ ಸುದ್ದಿ ಗೊತ್ತಿರಲಿಲ್ಲ. ಹಿಂದಿನ ಎರಡು ಸಲವೂ ಹಾಗೆಯೇ ತಂದಿದ್ದರು, ಯಾರೂ ಬೇಡ ಎಂದಿರಲಿಲ್ಲ.

"ನಿಂಗೆ ಇಷ್ಟ ಅಂತ ತಂದೆ ಮಗಾ. ಇದೊಂದು ದಿನ ಆದ್ರೂ ಮನಸು ಬಂದಷ್ಟು ತಗೋ," ಎಂದರು.

ಮನೆ ತುಂಬ ಜನ. ಬೀಗಿತ್ತಿ ತಂದದ್ದನ್ನು ಶಾಸ್ತ್ರದ ದಿನ ಬೇಡವೆಂದರೆ ನಮ್ಮಲ್ಲಿ ಸಂಬಂಧವೇ ಹರಿಯುತ್ತದೆ. ಪ್ರೇಮಕ್ಕ ಪಾಯಸದ ಸೌಟು ಹಿಡಿದು ನಿಂತಿದ್ದಳು.

"ವನಜಕ್ಕ, ಅದು ಬೇಡ. ಬೈಯೋದಾದ್ರೆ ಬೈದುಬಿಡಿ."

"ಎಂತ? ನನ್ನ ಮಗಳಿಗೆ ನಾನು ಬಯಕೆ ತೀರ್ಸೋದು ಬೇಡ್ವಾ? ನಿಮ್ಮನೇಲಿ ಅಷ್ಟೂ ಸ್ವಾತಂತ್ರ್ಯ ಇಲ್ವಾ ಅವಳಿಗೆ?"

"ಎರಡು ಸಲ ನಾನೂ ಇಲ್ಲ ಅನ್ಲಿಲ್ಲ, ನೀವೂ ಇಲ್ಲ ಅನ್ಲಿಲ್ಲ. ಎರಡು ಸಲಾನೂ ತೊಟ್ಟಿಲು ಅಟ್ಟ ಹತ್ತಿತು."

ವನಜಮ್ಮನ ಮುಖ ಕಪ್ಪಾಯಿತು. ಬುಟ್ಟಿಗೆ ಕೈ ಹಾಕಿದರು. ಎದ್ದು ಹೋಗಿಯೇಬಿಡುತ್ತಾರೆ ಎಂದು ನನಗನಿಸಿತು. ಎಲ್ಲರೂ ನಯನಳನ್ನು ನೋಡಿದರು. ಅವಳು ಕೊಟ್ಟೆಗಳನ್ನು ಕೈಗೆತ್ತಿಕೊಂಡು ಒಂದು ಕ್ಷಣ ಹಾಗೇ ಹಿಡಿದಿದ್ದಳು. ಅವಳಿಗೆ ಬೇಕಿತ್ತು. ಅವಳ ಬೆರಳು ನೋಡಿದರೇ ತಿಳಿಯುತ್ತಿತ್ತು.

"ಬಯಕೆ ಇದೆ ಅಮ್ಮ, ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು. "ಆದ್ರೆ ಈ ಕೂಸನ್ನ ಸೊಂಟದ ಮೇಲೆ ಎತ್ಕಂಡು ತಿರುಗೋ ಬಯಕೆ ಅದಕ್ಕಿಂತ ಜಾಸ್ತಿ ಇದೆ. ಎರಡೂ ತೀರಲ್ವಂತೆ. ಒಂದು ತೀರ್ಸು."

ವನಜಮ್ಮ ಬುಟ್ಟಿಯಿಂದ ಕೈ ತೆಗೆದರು. ಮಗಳ ತಲೆಯ ಮೇಲೆ ಕೈಯಿಟ್ಟರು. ಆಗ ಮೂಲೆಯಲ್ಲಿ ಕುಳಿತಿದ್ದ ವೀರಬಸಮ್ಮ, "ಹಂಗಾರ ಅವನ್ನ ಇತ್ಲಾಗ ಕೊಡ್ರಿ, ನಂದು ಹಡೆಯೂ ಕಾಲ ಮುಗದೈತಿ," ಎಂದು ಕೈ ಚಾಚಿದಳು. ಮೊದಲು ನಕ್ಕವರು ವನಜಮ್ಮನೇ. ಪ್ರೇಮಕ್ಕ ಎರಡನ್ನೂ ಹಿತ್ತಿಲಿಗೆ ಒಯ್ದು ಬೂದಿಗುಡ್ಡೆಯ ಮೇಲೆ ಸುರಿದು ಬಂದಳು. ವೀರಬಸಮ್ಮನಿಗೆ ಒಂದು ಲೋಟ ಪಾಯಸ ಹೆಚ್ಚಿಗೆ ಬಿತ್ತು.

ಆ ಮೇಲೆ ನಯನ ಕುಡಿಯಲಿಲ್ಲ. ರಕ್ತ ಹೆಚ್ಚಲೆಂದು ಸಿಸ್ಟರ್ ಕೊಟ್ಟ ಕೆಂಪು ಗುಳಿಗೆಗಳನ್ನು ಬೈಯುತ್ತಲೇ ನುಂಗಿದಳು. ಕೊನೆಯ ತಿಂಗಳು ಕೆಲಸಕ್ಕೆ ಹೋಗುವುದನ್ನು ಧರ್ಮೇಶ್ ಬಿಡಿಸಿದ. ಹೆರಿಗೆ ಕೊಪ್ಪದ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು. ಭಾರಿ ತೂಕವೇನೂ ಇರಲಿಲ್ಲ, ಆದರೆ ಅಣ್ಣ ಅಕ್ಕನಿಗಿಂತ ತುಂಬಿಕೊಂಡಿತ್ತು, ಮೊಲೆಗೆ ಬಾಯಿಟ್ಟರೆ ಬಿಡುತ್ತಿರಲಿಲ್ಲ. ಬಾಣಂತಿಗೆ ಥಂಡಿ ಹತ್ತಬಾರದೆಂದು ಬ್ರಾಂದಿ ಕೊಡುವುದೂ ಇಲ್ಲಿ ಕೆಲವು ಮನೆಗಳಲ್ಲಿ ಇತ್ತು. ವನಜಮ್ಮ ಬಾಣಂತನಕ್ಕೆ ಬರುವಾಗ ಅದನ್ನು ತರಲಿಲ್ಲ, ವಾಟೆಹುಳಿಯನ್ನು ತಂದರು. ಮಗುವಿಗೆ ಭವ್ಯ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೂ ಪ್ರೇಮಕ್ಕ ಅದನ್ನು ಬಾಯಿಬಿಟ್ಟು ಕರೆಯುತ್ತಿರಲಿಲ್ಲ, 'ಕೂಸು' ಎಂದಷ್ಟೇ ಅನ್ನುತ್ತಿದ್ದಳು. ಅವಳ ಹೆದರಿಕೆ ಯಾಕೆಂದು ನನಗೆ ತಿಳಿದಿತ್ತು. ಮೂರನೇ ತಿಂಗಳು ಇನ್ನೂ ಕಳೆದಿರಲಿಲ್ಲ.

ಸಂಘದ ಸರದಿ ಅಲ್ಲಿಗೆ ನಿಲ್ಲಲಿಲ್ಲ. ಮೂರು ವರ್ಷದ ಮೇಲೆ ಸರ್ಕಾರ ಸಾರಾಯಿಯನ್ನೇ ನಿಲ್ಲಿಸಿತು, ಕೊಟ್ಟೆ ಹೋಯಿತು, ಅದರ ಜಾಗಕ್ಕೆ ಸಣ್ಣ ಬಾಟಲಿ ಬಂತು. ಬೆಂಚು ಈಗಲೂ ಒಲೆಯ ಹತ್ತಿರವೇ ಇದೆ. ಎಲ್ಲ ಕೂಸುಗಳೂ ಉಳಿದವು ಎಂದು ನಾನು ಹೇಳುವುದಿಲ್ಲ. ಒಂದು ಹೋಯಿತು, ಹುಟ್ಟುವಾಗಲೇ ಹೃದಯದ ತೊಂದರೆ ಇತ್ತು ಎಂದರು. ಆದರೆ ಹಿಂದಿನ ಹಾಗೆ ಮನೆ ಮನೆಯಲ್ಲಿ ತೊಟ್ಟಿಲು ಬರಿದಾಗುವುದು ತಪ್ಪಿತು.

ಅದಕ್ಕೆಲ್ಲ ಮೊದಲು, ಭವ್ಯಳಿಗೆ ಮೂರು ತಿಂಗಳು ತುಂಬಿ ನಾಲ್ಕು ನಡೆಯುವಾಗ ಕೊಪ್ಪಕ್ಕೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ನಯನ, ಪ್ರೇಮಕ್ಕ, ನಾನು. ಸೂಜಿ ತಾಗಿದ ಕ್ಷಣದಿಂದ ಆ ಮಗು ಅಳಲು ಶುರು ಮಾಡಿತು. ಬಸ್‌ಸ್ಟ್ಯಾಂಡಿನಲ್ಲೂ ಅಳು, ಬಸ್ಸು ಹತ್ತಿದ ಮೇಲೂ ಅಳು. ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಇಂಜಿನ್ ಸದ್ದನ್ನು ಮೀರಿ ಅಳುತ್ತಿತ್ತು. ಮುಂದಿನ ಸೀಟಿನಲ್ಲಿ ಅಡಿಕೆ ವ್ಯಾಪಾರಕ್ಕೆ ಬಂದಿದ್ದ ಒಬ್ಬರು ತಿರುಗಿ ನೋಡಿದರು.

"ಅದೆಂತ ಮಾರಾಯ್ತಿ, ಸ್ವಲ್ಪ ಸಮಾಧಾನ ಮಾಡಬಾರದಾ? ಕಿವಿ ಹೋಗ್ತದೆ."

ನಯನ ಮಗುವನ್ನು ಎದೆಗೆ ಒತ್ತಿಕೊಳ್ಳಲು ಹೋದಳು. ಪ್ರೇಮಕ್ಕ ಅವಳ ಕೈ ತಡೆದು ಮಗುವನ್ನು ತಾನು ಇಸಿದುಕೊಂಡಳು. ಮೊದಲನೆಯ ಸಲ ಅದನ್ನು ಹೆಸರು ಹಿಡಿದು ಕರೆದಳು.

"ಅಳು ಭವ್ಯ, ಅಳು. ಇನ್ನೂ ಜೋರಾಗಿ ಅಳು," ಎಂದಳು. ಆಮೇಲೆ ಮುಂದಿನವರಿಗೆ, "ನೀವು ಹಿಂದಿನ ಸೀಟಿಗೆ ಹೋಗಿ ಅಣ್ಣ. ಇದು ಇನ್ನು ನಾರ್ವೆವರೆಗೂ ಅಳ್ತದೆ."